ಹಾಡು ಎಲ್ಲಿಂದ ಹುಟ್ಟುತ್ತೆ ನೋಡಿ, ಸಾಫ್ಟ್‌ವೇರ್ ಆಮೇಲೆ ಹುಡುಕಿ

1/6

"ಬ್ರೋ, ಮ್ಯೂಸಿಕ್ ಮಾಡೋಕೆ ಯಾವ ಸಾಫ್ಟ್‌ವೇರ್ ಬೆಸ್ಟ್?"

ಈ ಪೇಜಿನ ಇನ್‌ಬಾಕ್ಸಿಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದೇ. ಭಟ್ಕಳದಿಂದಲೂ ಬರುತ್ತೆ, ಕುಮಟಾದಿಂದಲೂ ಬರುತ್ತೆ. ನನ್ನ ಉತ್ತರ ಕೇಳಿ ಕೆಲವರಿಗೆ ಬೇಜಾರಾಗಬಹುದು, ಆದ್ರೂ ಹೇಳ್ತೀನಿ: ಪ್ರಶ್ನೆಯೇ ಸರಿ ಇಲ್ಲ. ಅಘನಾಶಿನಿಯಲ್ಲಿ ಬಳಚು ತೆಗೆಯೋಕೆ ಹೋಗೋರು ಟ್ರಾಲರ್ ತಗೊಂಡು ಹೋಗಲ್ಲ. ಟ್ರಾಲರ್ ದೊಡ್ಡದು, ದುಬಾರಿ, ನೋಡೋಕೂ ಜೋರು. ಆದ್ರೆ ಅಲ್ಲಿ ಕೆಲಸ ಆಗೋದು ಸಣ್ಣ ದೋಣಿಯಿಂದಲೇ.

ಹಾಡು ಮಾಡೋ ಸಾಫ್ಟ್‌ವೇರಿಗೆ ಡಿಎಡಬ್ಲ್ಯೂ ಅಂತಾರೆ, ಅಂದ್ರೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್. ಎಫ್‌ಎಲ್ ಸ್ಟುಡಿಯೋ, ಏಬಲ್ಟನ್ ಲೈವ್, ಲಾಜಿಕ್, ರೀಪರ್, ಕೇಕ್‌ವಾಕ್, ಬ್ಯಾಂಡ್‌ಲ್ಯಾಬ್, ಹೀಗೆ ಪಟ್ಟಿ ಉದ್ದ ಇದೆ. ಯೂಟ್ಯೂಬಿನಲ್ಲಿ ಇವುಗಳ ಕುಸ್ತಿ ನೋಡ್ತಾ ಕೂತ್ರೆ ಒಂದು ಸೆಮಿಸ್ಟರೇ ಮುಗಿಯುತ್ತೆ, ಹಾಡು ಮಾತ್ರ ಒಂದೂ ಮುಗಿದಿರಲ್ಲ.

ನಿಜವಾಗಿ ಕೇಳಿಕೊಳ್ಳಬೇಕಾದ್ದು ಇದು: ನೀವು ಹಾಡು ಮಾಡೋಕೆ ಕೂತಾಗ ಮೊದಲ ಹತ್ತು ನಿಮಿಷ ಏನು ಮಾಡ್ತೀರಿ? ಡ್ರಮ್ಸ್ ತಟ್ತೀರಾ? ಹಾಡಿ ರೆಕಾರ್ಡ್ ಮಾಡ್ತೀರಾ? ಕೀಬೋರ್ಡಿನಲ್ಲಿ ಟ್ಯೂನ್ ಹುಡುಕ್ತೀರಾ? ಅಥವಾ ಯಾರೋ ಹಾಡಿದ್ದನ್ನ ಹಿಡಿದಿಟ್ಟುಕೊಳ್ಳೋಕೆ ಹೋಗ್ತೀರಾ? ಆಯ್ಕೆ ಶುರುವಾಗೋದು ಅಲ್ಲಿಂದ.

2/6

ಮೊದಲು ಸುಲಭದ್ದು.

ನಿಮ್ಮ ಹಾಡು ಬೀಟಿನಿಂದ ಶುರುವಾಗುತ್ತೆ, ರ‍್ಯಾಪ್ ಬರೀತೀರಿ, ಡಿಜೆ ರೀಮಿಕ್ಸ್ ಮಾಡ್ತೀರಿ ಅಂದ್ರೆ ಎಫ್‌ಎಲ್ ಸ್ಟುಡಿಯೋ ತಗೊಳ್ಳಿ, ಜಾಸ್ತಿ ಯೋಚನೆ ಬೇಡ. 1997ರಲ್ಲಿ ಫ್ರೂಟಿಲೂಪ್ಸ್ ಅಂತ ಬೆಲ್ಜಿಯಂನಲ್ಲಿ ಹುಟ್ಟಿದ್ದು. ತೆರೆದ ತಕ್ಷಣ ಎದುರಿಗೆ ಸಾಲಾಗಿ 16 ಗುಂಡಿ ಕಾಣುತ್ತೆ. ಒತ್ತಿದ್ರೆ ಕಿಕ್, ಇನ್ನೊಂದು ಸಾಲಿನಲ್ಲಿ ಒತ್ತಿದ್ರೆ ಸ್ನೇರ್. ಐದು ನಿಮಿಷದಲ್ಲಿ ತಲೆ ಆಡಿಸುವಂಥ ಏನೋ ಒಂದು ಸಿಕ್ಕಿರುತ್ತೆ. ಅವೀಚಿ, ಮಾರ್ಟಿನ್ ಗ್ಯಾರಿಕ್ಸ್ ಇದರಲ್ಲೇ ಮಾಡಿದವರು.

ಸ್ಟೇಜ್ ಮೇಲೆ ಲೂಪ್ ಇಟ್ಟು, ಒಂದರ ಮೇಲೊಂದು ಸೇರಿಸ್ತಾ ಆಡಬೇಕು ಅನ್ನೋರಿಗೆ ಏಬಲ್ಟನ್. ಅದರ ಸೆಷನ್ ವ್ಯೂ ಇರೋದೇ ಅದಕ್ಕೆ. ಮನೆಯಲ್ಲಿ ಅಣ್ಣ ದುಬೈನಿಂದ ಮ್ಯಾಕ್‌ಬುಕ್ ತಂದಿದ್ರೆ (ಭಟ್ಕಳದವರಿಗೆ ಇದು ಹೊಸ ವಿಷಯ ಅಲ್ಲ) ಅದರಲ್ಲಿ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತೆ. ಅದರಲ್ಲಿ ಕೈ ಪಳಗಿದ ಮೇಲೆ ಲಾಜಿಕ್‌ಗೆ ಹೋಗಿ, ಗ್ಯಾರೇಜ್‌ಬ್ಯಾಂಡ್ ಪ್ರಾಜೆಕ್ಟ್ ಅಲ್ಲೂ ತೆರೆಯುತ್ತೆ. ಸ್ಟೀವ್ ಲೇಸಿ ಐಫೋನಿನ ಗ್ಯಾರೇಜ್‌ಬ್ಯಾಂಡಿನಲ್ಲೇ ಹಾಡು ಕಟ್ಟಿ ಕೆಂಡ್ರಿಕ್ ಲಮಾರ್ ಆಲ್ಬಂವರೆಗೆ ಹೋದವನು. ಹಾಗಾಗಿ "ಫೋನಲ್ಲಿ ಏನಾಗುತ್ತೆ" ಅನ್ನೋ ಮಾತು ಬೇಡ.

ಇಷ್ಟು ನಿಮಗೆ ಎಲ್ಲ ಕಡೆ ಸಿಗೋ ಮಾಹಿತಿ. ಎಲ್ಲೂ ಸಿಗದ್ದು ಮುಂದಿನದು.

3/6

ನಮ್ಮ ಕಡೆಯ ಸಂಗೀತ ಹೆಚ್ಚಿನದು ಬೀಟಿನಿಂದ ಹುಟ್ಟೋದೇ ಅಲ್ಲ. ಮನುಷ್ಯರ ಬಾಯಿಂದ, ಕೈಯಿಂದ ಹುಟ್ಟೋದು.

ಯಕ್ಷಗಾನವನ್ನೇ ತಗೊಳ್ಳಿ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಮೇಳ 1934ರಿಂದ ಇದೆ. ಮೇಳ ಯಾವುದೇ ಇರಲಿ, ಹಿಮ್ಮೇಳದಲ್ಲಿ ಲಯ ಯಾರ ಹತ್ರ ಇರುತ್ತೆ? ಭಾಗವತರ ಹತ್ರ. ಪದ್ಯ ಎತ್ತಿಕೊಳ್ಳುವಾಗ ಒಂದು ಲಯ, ವೇಷ ಕುಣಿತಕ್ಕೆ ಬಿದ್ದ ಮೇಲೆ ಇನ್ನೊಂದು, ಬಿಡ್ತಿಗೆ ಬರುವಾಗ ಮತ್ತೊಂದು. ಮದ್ದಳೆ, ಚಂಡೆ ಅವರ ಕೈಯ ತಾಳ ನೋಡಿಕೊಂಡು ಬರ್ತವೆ.

ಈಗ ನಿಮ್ಮ ಸಾಫ್ಟ್‌ವೇರ್ ತೆರೀರಿ. ಹೊಸ ಪ್ರಾಜೆಕ್ಟ್ ಅಂದ ಕೂಡ್ಲೆ ಏನಿರುತ್ತೆ? ನಿಮಿಷಕ್ಕೆ 120 ಅಥವಾ 130 ಬೀಟ್, 4/4, ಪರದೆ ತುಂಬ ಸಮ ಅಂತರದ ಗೆರೆಗಳು. ನೀವು ಕೇಳಿರಲ್ಲ, ಅದೇ ತೀರ್ಮಾನ ಮಾಡಿ ಕೂತಿರುತ್ತೆ. ಏಕತಾಳ ಆದ್ರೆ ಹೇಗೋ ಹೊಂದುತ್ತೆ. ತ್ರಿವುಡೆಯ 7, ಝಂಪೆಯ 10, ಅಷ್ಟತಾಳದ 14 ಅಕ್ಷರ 16 ಗುಂಡಿಯ ಸಾಲಿನಲ್ಲಿ ತಾನಾಗಿ ಕೂರಲ್ಲ. ಸೆಟ್ಟಿಂಗ್ ಬದಲಾಯಿಸಬಹುದು, ಆಗಲ್ಲ ಅಂತಲ್ಲ. ಆದ್ರೆ ಎಣಿಕೆ ಬದಲಾಯಿಸಿದ್ರೂ ಏರೋ ಇಳಿಯೋ ಲಯ ಇದ್ದೇ ಇದೆಯಲ್ಲ? ಅದಕ್ಕೆ ಗ್ರಿಡ್ ಎಲ್ಲಿಂದ ತರ್ತೀರಿ?

ಆಗ ನಮ್ಮ ಹುಡುಗರು ಮಾಡೋದು ಒಂದೇ. ಹಾಡನ್ನ ಕತ್ತರಿಸಿ ಗೆರೆಗೆ ಕೂರಿಸೋದು. ಕಡೆಗೆ ಕೇಳಿದ್ರೆ ಚಂಡೆ ಇದೆ, ಭಾಗವತಿಕೆಯೂ ಇದೆ, ಯಕ್ಷಗಾನ ಮಾತ್ರ ಇಲ್ಲ. ರೀಮಿಕ್ಸ್ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಮಾಡಿ, ಭರ್ಜರಿಯಾಗಿ ಮಾಡಿ. ಆದ್ರೆ ಮೂಲದ ಲಯ ಬದಲಾದದ್ದು ನೀವು ಬದಲಾಯಿಸಿದ್ದಕ್ಕೆ ಆಗಿರಬೇಕು, ಸಾಫ್ಟ್‌ವೇರ್ ಹಾಗೇ ಇತ್ತು ಅನ್ನೋದಕ್ಕೆ ಅಲ್ಲ.

ಹಾಲಕ್ಕಿಯವರ ಹಾಡಿಗೂ ಇದೇ ಮಾತು. ಅಂಕೋಲೆಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡ್ರು. ಪ್ರಶಸ್ತಿ ಬರದ, ಹೆಸರು ಗೊತ್ತಿಲ್ಲದ ಎಷ್ಟೋ ಅಜ್ಜಿಯರು ಕುಮಟಾ, ಹೊನ್ನಾವರದ ಕೊಪ್ಪಗಳಲ್ಲಿ ಇನ್ನೂ ಇದ್ದಾರೆ. ಅವರು ಹಾಡುವಾಗ ಕಿವಿಗೆ ಕ್ಲಿಕ್ ಟ್ರ್ಯಾಕ್ ಹಾಕ್ತೀರಾ? ಎರಡು ಸಾಲು ಹಾಡಿ, ಉಸಿರು ತಗೊಂಡು, ನಡುವೆ ಸೊಸೆಗೆ ಏನೋ ಹೇಳಿ, ಮತ್ತೆ ಎತ್ತಿಕೊಳ್ತಾರೆ. ಅದು ಹಾಗೇ ಇರಬೇಕು.

ಇಂಥ ಕೆಲಸಕ್ಕೆ ನನ್ನ ಓಟು ರೀಪರ್‌ಗೆ. ಅದೂ ಡ್ರಮ್ಸ್, ಕೀಬೋರ್ಡ್ ಎಲ್ಲ ಮಾಡುತ್ತೆ, ಆದ್ರೆ ಅದರ ಮೂಲ ಸ್ವಭಾವ ಟೇಪ್ ರೆಕಾರ್ಡರಿನದ್ದು. ಒಂದು ಟ್ರ್ಯಾಕ್ ಹಾಕಿ, ರೆಕಾರ್ಡ್ ಒತ್ತಿ, ಸುಮ್ನೆ ಕೂತ್ಕೊಳ್ಳಿ. ಎರಡು ಕೆಲಸ ಮಾತ್ರ ಮೊದಲೇ ಮಾಡ್ಕೊಳ್ಳಿ: ಸ್ನ್ಯಾಪ್ ಆಫ್ ಮಾಡಿ, ಪ್ರಾಜೆಕ್ಟ್ ಸೆಟ್ಟಿಂಗ್ಸಿನಲ್ಲಿ ಟೈಮ್‌ಬೇಸ್ ಅನ್ನೋದನ್ನ "ಟೈಮ್" ಅಂತ ಇಡಿ. ಆಮೇಲೆ ಟೆಂಪೋ ಎಷ್ಟೇ ಬದಲಾಯಿಸಿದ್ರೂ ರೆಕಾರ್ಡ್ ಆದದ್ದು ಅಲ್ಲಾಡಲ್ಲ. ಏಬಲ್ಟನ್ ಇಟ್ಟುಕೊಂಡವರು ವಾರ್ಪ್ ಸೆಟ್ಟಿಂಗ್ ನೋಡಿಕೊಳ್ಳಿ. ಉದ್ದದ ಆಡಿಯೋ ಎಳೆದು ಹಾಕಿದ್ರೆ ಅದು ತಾನೇ ಬೀಟ್ ಹುಡುಕಿ ಹಿಗ್ಗಿಸೋಕೆ ಹೋಗುತ್ತೆ.

ಭಟ್ಕಳದಲ್ಲಿ ವಾದ್ಯ ಇಲ್ಲದೆ ನಶೀದ್ ಹಾಡೋ ಗೆಳೆಯರಿಗೂ ಇದೇ ಸರಿ. ಒಂದೇ ದನಿಯನ್ನ ಹತ್ತು ಸಲ ಹಾಡಿ ಪದರ ಪದರವಾಗಿ ಜೋಡಿಸ್ತೀರಿ, ಒಂದೊಂದು ಸಾಲಿಗೂ ಐದಾರು ಟೇಕ್. ಯಾವ ಟೇಕಿನ ಯಾವ ತುಂಡು ಅನ್ನೋದನ್ನ ಆರಿಸೋದೇ ನಿಮ್ಮ ಕೆಲಸದ ಅರ್ಧ ಭಾಗ. 16 ಗುಂಡಿ ಇಟ್ಕೊಂಡು ಏನು ಮಾಡ್ತೀರಿ ಮಾರಾಯ್ರೆ?

4/6

ಲ್ಯಾಪ್‌ಟಾಪ್ ವಿಷಯ. ನಮ್ಮಲ್ಲಿ ಹೆಚ್ಚಿನವರದ್ದು ಕಾಲೇಜಿನ ಅಸೈನ್‌ಮೆಂಟಿಗೆ ಅಂತ ತಗೊಂಡದ್ದು, 8 ಜಿಬಿ ರ‍್ಯಾಮ್, ಟ್ಯಾಲಿ ಓಡಿದ್ರೆ ಸಾಕು ಅನ್ನೋ ಲೆಕ್ಕದ್ದು. ರೀಪರ್ ಇನ್‌ಸ್ಟಾಲ್ ಮಾಡೋ ಫೈಲು 20 ಎಂಬಿ ಆಸುಪಾಸು. ಏಬಲ್ಟನ್ ಸ್ವೀಟ್ ಪೂರ್ತಿ ಲೈಬ್ರರಿ ಇಳಿಸಿಕೊಂಡ್ರೆ ಹತ್ತಾರು ಜಿಬಿ. ಘಟ್ಟದ ಬುಡದ ಊರಿನ ನೆಟ್‌ವರ್ಕಿನಲ್ಲಿ ಅದನ್ನ ಇಳಿಸೋಕೆ ಕೂತ್ರೆ ಎಷ್ಟು ರಾತ್ರಿ ಬೇಕು, ನೀವೇ ಯೋಚನೆ ಮಾಡಿ.

ರೆಕಾರ್ಡಿಂಗಿಗೂ ಜಾಗ ಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತೆ. ಆರು ಟ್ರ್ಯಾಕಿನಲ್ಲಿ ಒಂದು ಗಂಟೆ ಅಂದ್ರೆ 3 ಜಿಬಿ ದಾಟುತ್ತೆ. ಪೂರ್ತಿ ರಾತ್ರಿಯ ಆಟ ಹಿಡೀತೀನಿ ಅನ್ನೋರು ಮೊದಲು ಹಾರ್ಡ್‌ಡಿಸ್ಕ್ ಖಾಲಿ ಮಾಡ್ಕೊಳ್ಳಿ.

ಹಾಡುವಾಗ ನಿಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸ್ತಾ ಇದ್ರೆ ಸಾಫ್ಟ್‌ವೇರಿಗೆ ಬೈಬೇಡಿ. ಬಫರ್ ನೋಡಿ. 1024 ಸ್ಯಾಂಪಲ್ ಇದ್ರೆ ಅಷ್ಟರಿಂದಲೇ 21 ಮಿಲಿಸೆಕೆಂಡ್ ತಡ, 256ಕ್ಕೆ ಇಳಿಸಿದ್ರೆ 5 ಚಿಲ್ಲರೆ. ಎಷ್ಟೋ ಜನ ಇದೊಂದೇ ಕಾರಣಕ್ಕೆ ಮೂರು ಮೂರು ಸಾಫ್ಟ್‌ವೇರ್ ಬದಲಾಯಿಸಿ ಆಗಿದೆ. ವಿಂಡೋಸ್‌ನವರು ಏಸಿಯೋ ಡ್ರೈವರ್ ಹಾಕ್ಕೊಳ್ಳಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಕೆಳಗೆ ಮೈಕ್ ಇಟ್ರೆ ಮಳೆಯೇ ಮುಖ್ಯ ಗಾಯಕ. ಕರೆಂಟೂ ಹೋಗಿ ಬಂದು ಮಾಡುತ್ತೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದ್ರೆ ಆಟೋಸೇವ್ ಎಷ್ಟು ನಿಮಿಷಕ್ಕೊಮ್ಮೆ ಅಂತ ಮೊದಲ ದಿನವೇ ನೋಡಿ ಇಡಿ. ನನ್ನ ಮಟ್ಟಿಗೆ ಮಳೆಗಾಲ ಬೀಟ್ ಮಾಡೋಕೆ, ಎಡಿಟ್ ಮಾಡೋಕೆ. ರೆಕಾರ್ಡಿಂಗ್ ಏನಿದ್ರೂ ದೀಪಾವಳಿ ಆಸುಪಾಸಿನಿಂದ.

ಲ್ಯಾಪ್‌ಟಾಪೇ ಇಲ್ವಾ? ಅಡ್ಡಿಲ್ಲ. ಬ್ಯಾಂಡ್‌ಲ್ಯಾಬ್ ಫೋನಿನಲ್ಲೇ ಓಡುತ್ತೆ, ದುಡ್ಡು ಕೊಡಬೇಕಾಗಿಲ್ಲ. ನೀವು ಇಲ್ಲಿ ಹಾಡಿ ಹಾಕಿದ್ರೆ ಗಲ್ಫ್‌ನಲ್ಲಿರೋ ಗೆಳೆಯ ಅದೇ ಪ್ರಾಜೆಕ್ಟಿಗೆ ಗಿಟಾರ್ ಸೇರಿಸಬಹುದು.

5/6

ಬಿಕಾಂ ಓದ್ತಿರೋನು ದುಡ್ಡಿನ ಬಗ್ಗೆ ಮಾತಾಡದೆ ಇರೋಕಾಗಲ್ಲ.

ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ಐದು ಸಾವಿರ ಚಿಲ್ಲರೆ ರೂಪಾಯಿ. ಎಫ್‌ಎಲ್‌ನ ಅತಿ ಕಡಿಮೆ ದರದ ಫ್ರೂಟಿ ಎಡಿಷನ್ 99 ಡಾಲರ್, ಆದ್ರೆ ಗಮನ ಇರಲಿ, ಅದರಲ್ಲಿ ದನಿ ರೆಕಾರ್ಡ್ ಮಾಡೋ ಸೌಲಭ್ಯ ಇಲ್ಲ. ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಬೇಕು, ದರ ಹತ್ತಿರ ಹತ್ತಿರ ಎರಡು ಪಟ್ಟು. ಒಂದು ಸಲ ತಗೊಂಡ್ರೆ ಮುಂದಿನ ಅಪ್‌ಡೇಟ್ ಎಲ್ಲ ಪುಕ್ಕಟೆ ಅನ್ನೋದು ಅದರ ದೊಡ್ಡ ಗುಣ. ಟ್ರಯಲ್ ಕೂಡ ಉದಾರವಾಗಿದೆ: ಎಲ್ಲ ಓಡುತ್ತೆ, ಹಾಡು ಎಕ್ಸ್‌ಪೋರ್ಟ್ ಕೂಡ ಆಗುತ್ತೆ. ಸೇವ್ ಮಾಡಿದ ಪ್ರಾಜೆಕ್ಟನ್ನ ಮಾತ್ರ ಕೊಂಡುಕೊಳ್ಳೋವರೆಗೆ ಮತ್ತೆ ತೆರೆಯೋಕಾಗಲ್ಲ.

"ಕ್ರ್ಯಾಕ್ ಕಾಪಿ ಪೆನ್‌ಡ್ರೈವಿನಲ್ಲಿ ಸಿಗುತ್ತಲ್ಲ?" ಸಿಗುತ್ತೆ. ಜೊತೆಗೆ ವೈರಸ್ಸೂ ಪುಕ್ಕಟೆ ಬರಬಹುದು. ನೀತಿ ಪಾಠ ಪಕ್ಕಕ್ಕಿಡಿ, ಲೆಕ್ಕ ಮಾತ್ರ ನೋಡಿ. ಅಪ್‌ಡೇಟ್ ಇಲ್ಲ, ಕೆಟ್ರೆ ಕೇಳೋರಿಲ್ಲ, ಒಂದು ದಿನ ತೆರೆಯದೇ ಹೋದ್ರೆ ಒಳಗಿದ್ದ ಹಾಡೂ ಹೋಯ್ತು. ಪುಕ್ಕಟೆಗೆ ನ್ಯಾಯವಾದ ದಾರಿ ಇರುವಾಗ ಇದು ಯಾವ ಲೆಡ್ಜರಿನಲ್ಲೂ ಲಾಭ ಅಂತ ಬರಲ್ಲ.

ಕೊಂಡುಕೊಂಡ ಸಾಫ್ಟ್‌ವೇರೂ ಶಾಶ್ವತ ಅಲ್ಲ ಅನ್ನೋದು ಬೇರೆ ಮಾತು. 2017ರಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಸೋನಾರ್ ಬೆಳವಣಿಗೆ ನಿಲ್ಲಿಸಿಬಿಡ್ತು, ದುಡ್ಡು ಕೊಟ್ಟವರು ಬಾಯಿ ಬಿಟ್ಟು ನೋಡಿದ್ರು. ಮುಂದಿನ ವರ್ಷ ಬ್ಯಾಂಡ್‌ಲ್ಯಾಬ್ ಅದನ್ನ ಕೊಂಡು ಪುಕ್ಕಟೆ ಕೊಟ್ಟಿತು, ಅದು ಪುಣ್ಯ. ಹಾಗಾಗಿ ಯಾವುದೇ ಬಳಸಿ, ಹಾಡು ಮುಗಿದ ದಿನ ಒಂದೊಂದು ಟ್ರ್ಯಾಕನ್ನೂ ಮೊದಲಿನಿಂದ ಕೊನೆವರೆಗೆ ಬೇರೆ ಬೇರೆ ವೇವ್ ಫೈಲ್ ಮಾಡಿ ಇಡಿ. ಅಜ್ಜಿಯ ಹಾಡು ಹಿಡಿದವರಂತೂ ಕತ್ತರಿ ಹಾಕದ ಮೂಲ ಫೈಲನ್ನ ಎರಡು ಕಡೆ ಇಡಿ, ಒಂದು ಪ್ರತಿ ಆ ಮನೆಯವರಿಗೇ ಕೊಡಿ. ಪೋಸ್ಟ್ ಮಾಡೋ ಮೊದಲು ಅವರನ್ನ ಕೇಳಿ. ಇದನ್ನ ಯಾವ ಟ್ಯುಟೋರಿಯಲ್ಲೂ ಹೇಳಲ್ಲ.

6/6

ಈಗ ಮಾಡಬೇಕಾದ್ದು. ನಿಮ್ಮ ಮೊದಲ ಹತ್ತು ನಿಮಿಷಕ್ಕೆ ಹೊಂದಬಹುದು ಅನ್ನಿಸಿದ ಎರಡು ಸಾಫ್ಟ್‌ವೇರ್ ಮಾತ್ರ ಇಳಿಸಿ. ಮೂರನೇದು ಬೇಡ. ಒಂದೇ ಹಾಡು, ಒಂದು ನಿಮಿಷದ್ದು, ಎರಡರಲ್ಲೂ ಮಾಡಿ. ಎಫ್‌ಎಲ್ ಟ್ರಯಲ್ ಆದ್ರೆ ಒಂದೇ ಕೂತದ್ದಕ್ಕೆ ಮುಗಿಸಿ ಎಕ್ಸ್‌ಪೋರ್ಟ್ ಮಾಡಿ, ಮೇಲೆ ಹೇಳಿದ ಕಾರಣಕ್ಕೆ. ಎಲ್ಲಿ ನೀವು ಮೆನು ಹುಡುಕ್ತಾ ಕೂತ್ರಿ, ಎಲ್ಲಿ ಹಾಡಿನ ಬಗ್ಗೆ ಯೋಚನೆ ಮಾಡಿದ್ರಿ, ಚೀಟಿಯಲ್ಲಿ ಬರೆದಿಡಿ. ಆಯ್ಕೆ ಮಾಡಿದ ಮೇಲೆ ಐದು ಹಾಡು ಮುಗಿಯೋವರೆಗೆ ಬದಲಾಯಿಸೋ ಮಾತಿಲ್ಲ, ಹೋಲಿಕೆ ವಿಡಿಯೋನೂ ನೋಡೋ ಹಾಗಿಲ್ಲ.

ಬೀಟ್ ಒಂದರಲ್ಲಿ, ಹಾಡು ಇನ್ನೊಂದರಲ್ಲಿ ಮಾಡ್ತೀನಿ ಅಂದ್ರೂ ತಪ್ಪಿಲ್ಲ. ಎಫ್‌ಎಲ್‌ನಲ್ಲಿ ಬೀಟ್ ಕಟ್ಟಿ, ವೇವ್ ತೆಗೆದು, ರೀಪರ್‌ನಲ್ಲಿ ಹಾಡಿ ಮುಗಿಸೋರು ಬೇಕಾದಷ್ಟು ಜನ ಇದ್ದಾರೆ.

ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಹಿಮ್ಮೇಳವನ್ನೋ ಗುಮಟೆಯನ್ನೋ ಒಂದೊಂದು ಮೈಕ್ ಇಟ್ಟು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದವರು ಇದ್ರೆ ಮೆಸೇಜ್ ಮಾಡಿ. ಮುಂದಿನ ವಾರ ಚಂಡೆಗೆ ಮೈಕ್ ಎಲ್ಲಿಡಬೇಕು ಅಂತ ಬರೀತೀನಿ. ಒಂದು ಮಾತು ಈಗಲೇ: ಹತ್ರ ಇಡಬೇಡಿ, ಲೆವೆಲ್ ಮೈನಸ್ 12ರ ಮೇಲೆ ಹೋಗೋಕೆ ಬಿಡಬೇಡಿ.