ಅಡ್ವಾನ್ಸ್ ಹಣ ಮನೆ ಮಾಲಕರದ್ದಲ್ಲ

ಕೋಲಾರ ಜಿಲ್ಲೆ ಬಂಗಾರಪೇಟೆ ತಾಲೂಕಿನ ಕಾಮಸಮುದ್ರ ಕರಾವಳಿಯ ನಮ್ಮ ಓದುಗರಿಗೆ ಅಷ್ಟೊಂದು ಪರಿಚಿತ ಹೆಸರಲ್ಲ. ರಾಜ್ಯದ ಗಡಿಯ ಹೋಬಳಿ ಅದು. ಬೆಂಗಳೂರು-ಚೆನ್ನೈ ರೈಲು ಹಳಿ ಅಲ್ಲಿಂದಲೇ ಹಾದುಹೋಗುತ್ತದೆ. ಪಕ್ಕದ ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಈ ಭಾಗದ ಸಾವಿರಾರು ಮಂದಿ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುತ್ತಾರೆ.

ಈಗ ಅಲ್ಲಿ ಲೆಕ್ಕಾಚಾರ ಬದಲಾಗುತ್ತಿದೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ-ಬೇತಮಂಗಲ ಭಾಗ 2024ರ ಕೊನೆಗೆ ವಾಹನಗಳಿಗೆ ತೆರೆದುಕೊಂಡಿತು. ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ರಸ್ತೆ, ಕಾರ್ಖಾನೆ ಬಂದಲ್ಲಿ ಬಾಡಿಗೆ ಮನೆ ಹುಡುಕುವವರೂ ಬರುತ್ತಾರೆ. ಇಂಥ ಊರುಗಳಲ್ಲಿ ನಾಲ್ಕು ಮನೆಯ ಲೈನ್ ಕಟ್ಟಿ ಬಾಡಿಗೆಗೆ ಕೊಡುವವರು ದೊಡ್ಡ ಬಿಲ್ಡರ್‌ಗಳಲ್ಲ. ನಿವೃತ್ತಿಯ ಹಣ ಹಾಕಿದವರು, ಅಂಗಡಿಯ ಉಳಿತಾಯ ಹಾಕಿದವರು. ಉಳ್ಳಾಲದಲ್ಲೋ ಬಿ.ಸಿ.ರೋಡಿನಲ್ಲೋ ಗಲ್ಫ್ ದುಡ್ಡಿನಲ್ಲಿ ಕ್ವಾರ್ಟರ್ಸ್ ಕಟ್ಟಿದ ನಮ್ಮವರ ಕಥೆಯೂ ಇದೇ ಅಲ್ಲವೇ? ಆದ್ದರಿಂದ ಅಲ್ಲಿಯ ಮಾತು ಇಲ್ಲಿಗೂ ಸಲ್ಲುತ್ತದೆ.

ನಮ್ಮ ಅಭಿಪ್ರಾಯ ಇಷ್ಟೇ: ಸಣ್ಣ ಮಾಲಕರು ಕೆಡುವುದು ಬಾಡಿಗೆದಾರರಿಂದ ಅಲ್ಲ, ಬರೆಯದೆ ಬಿಟ್ಟ ಕಾಗದದಿಂದ ಮತ್ತು ಖರ್ಚಾಗಿ ಹೋದ ಅಡ್ವಾನ್ಸ್‌ನಿಂದ.

ಬೆಂಗಳೂರು, ಕೋಲಾರ ಕಡೆ 'ಭೋಗ್ಯ' ಎಂಬ ಪದ್ಧತಿ ಉಂಟು. 'ಲೀಸ್‌ಗೆ ಹಾಕುವುದು' ಅಂತಲೂ ಹೇಳುತ್ತಾರೆ. ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸುವುದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 6,000 ರೂ. ಬಾಡಿಗೆ ಬರುವ ಮನೆಯನ್ನು ಮೂರು ವರ್ಷಕ್ಕೆ 5 ಲಕ್ಷಕ್ಕೆ ಭೋಗ್ಯ ಹಾಕಿದರು ಎಂದಿಟ್ಟುಕೊಳ್ಳಿ. ಆ ಹಣ ಮಗಳ ಮದುವೆಗೋ ಮೇಲಿನ ಮಾಳಿಗೆಗೋ ಹೋಯಿತು. ಮೂರು ವರ್ಷದಲ್ಲಿ ಬರಬೇಕಿದ್ದ ಬಾಡಿಗೆ 2,16,000 ರೂ. ಬರಲಿಲ್ಲ. ಅವಧಿ ಮುಗಿದ ದಿನ 5 ಲಕ್ಷ ಎಲ್ಲಿಂದ ತರುವುದು? ಹೊಸಬರು ಹಣ ಕೊಟ್ಟರೆ ಹಳಬರಿಗೆ ಕೊಡಬಹುದು. ಹೊಸಬರು ಸಿಗದಿದ್ದರೆ ಹಳಬರು ಬಾಡಿಗೆಯಿಲ್ಲದೆ ಅಲ್ಲೇ ಇರುತ್ತಾರೆ. ಅವರ ತಪ್ಪೇನೂ ಇಲ್ಲ, ಅವರ ಹಣ ನಮ್ಮಲ್ಲಿದೆ. ಸಾಲ ಕೊಟ್ಟು ಮನೆಯ ಲಾಭ ಪಡೆಯುವ ಈ ಕ್ರಮಕ್ಕೆ ಉಲಮಾಗಳ ಆಕ್ಷೇಪವೂ ಇದೆ. ಅದನ್ನು ಅವರವರು ತಮ್ಮ ಉಸ್ತಾದರಲ್ಲಿ ಕೇಳಿ ತಿಳಿಯಲಿ. ವ್ಯವಹಾರದ ದೃಷ್ಟಿಯಲ್ಲಂತೂ ಇದು ಬಾಡಿಗೆ ಅಲ್ಲ, ಸಾಲ.

ಆದ್ದರಿಂದ ಅಡ್ವಾನ್ಸ್ ಸಣ್ಣದಿರಲಿ, ಬಾಡಿಗೆ ತಿಂಗಳು ತಿಂಗಳು ಬರಲಿ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಅಂಗಡಿಯಂಥವಕ್ಕೆ ಆರು ತಿಂಗಳ ಬಾಡಿಗೆಯಷ್ಟೇ ಠೇವಣಿ ಸಾಕು ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯವೇ ಕಾಯ್ದೆ ಮಾಡಿದರೆ ಮಾತ್ರ ಜಾರಿ. ಆದರೆ ಅಳತೆಗೋಲಾಗಿ ಅದು ಒಳ್ಳೆಯದೇ. ಬಂದ ಅಡ್ವಾನ್ಸನ್ನು ಬ್ಯಾಂಕಿನ ಬೇರೆ ಖಾತೆಯಲ್ಲಿಟ್ಟು ಮರೆತುಬಿಡಿ. ಅದು ಅಮಾನತ್ತು.

ಇನ್ನು ಕಾಗದ. "ನಮ್ಮವರೇ ಅಲ್ವಾ, ಅಗ್ರಿಮೆಂಟ್ ಯಾಕೆ?" ಅಂತ ಹೇಳುವವರು ಬಹಳ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಹೇಳುವುದು ಕುರ್‌ಆನಿನ ಅತಿ ದೀರ್ಘ ಸೂಕ್ತ ಎಂಬುದನ್ನು ಅವರಿಗೆ ನೆನಪಿಸೋಣ. ನಮ್ಮವರ ನಡುವೆಯೇ ಕಾಗದ ಹೆಚ್ಚು ಬೇಕು, ಯಾಕೆಂದರೆ ಜಗಳವಾದರೆ ಹಣದ ಜೊತೆ ಸಂಬಂಧವೂ ಹೋಗುತ್ತದೆ.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಹನ್ನೊಂದು ತಿಂಗಳ ಅಗ್ರಿಮೆಂಟ್ ರೂಢಿಗೆ ಬಂದದ್ದು ಇದೇ ಕಾರಣಕ್ಕೆ. ಮೂರು ವರ್ಷದ ಭೋಗ್ಯವನ್ನು ಬರೇ ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಇಟ್ಟುಕೊಂಡವರು ಎರಡೂ ಕಡೆ ಕಷ್ಟಕ್ಕೆ ಸಿಕ್ಕಿಬೀಳುತ್ತಾರೆ. ಅಗ್ರಿಮೆಂಟಿನಲ್ಲಿ ಬಾಡಿಗೆಯ ತಾರೀಕು, ವರ್ಷಕ್ಕೆ ಎಷ್ಟು ಏರಿಕೆ, ನೀರು-ಕರೆಂಟು ಯಾರ ಖರ್ಚು, ಬಿಡುವಾಗ ಪೈಂಟಿಗೆ ಎಷ್ಟು ಕಡಿತ, ಎಷ್ಟು ದಿನ ಮುಂಚೆ ತಿಳಿಸಬೇಕು, ಎಲ್ಲ ಬರೆಯಿರಿ. ಕೀ ಕೊಡುವ ದಿನ ಫ್ಯಾನು, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಡಿ. ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ, ನಗದಾದರೆ ರಶೀದಿ ಕೊಡಿ.

ಗೃಹಜ್ಯೋತಿಯದ್ದೂ ಒಂದು ತಲೆಬಿಸಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಮನೆಯ ಮೀಟರಿಗೆ ಜೋಡಿಸಿರುತ್ತಾರೆ. ಬಿಟ್ಟು ಹೋಗುವಾಗ ಅದನ್ನು ತೆಗೆಸದಿದ್ದರೆ ಮುಂದೆ ಬರುವವರಿಗೆ ತೊಡಕು. ಅಡ್ವಾನ್ಸ್ ವಾಪಸ್ ಕೊಡುವ ಮುಂಚೆ ಇದನ್ನೂ ನೋಡಿಕೊಳ್ಳಿ.

ಬಾಡಿಗೆ ಕೊಡದಿದ್ದರೆ? ಬೀಗ ಜಡಿಯುವುದು, ಕರೆಂಟು ಕಡಿಯುವುದು, ಸಾಮಾನು ಹೊರಗಿಡುವುದು, ಇದೊಂದೂ ಬೇಡ ಮಾರಾಯ್ರೆ. ಹೀಗೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮತ್ತೆ ಒಳಗೆ ಬರಬಹುದು, ಆಗ ನ್ಯಾಯ ನಮ್ಮ ಕಡೆ ಇದ್ದರೂ ತಪ್ಪು ನಮ್ಮದಾಗುತ್ತದೆ. ರಾಜ್ಯದ 1999ರ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ವಾಸದ ಮನೆಗಳಿಗೆ ಅನ್ವಯವಾಗದು. ಹಾಗಾಗಿ ಇಂದಿನ ಹೆಚ್ಚಿನ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಹದಿನೈದು ದಿನದ ಲಿಖಿತ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ಕೋರ್ಟಿನ ದಾರಿ ಉದ್ದ. ಅದಕ್ಕೆ ಮೊದಲು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ರಾಜಿಗೆ ಕೂರುವುದು ಒಳ್ಳೆಯದು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯೇ ಇದೆ, ಅದರ ಮೇಲೆ ಅಪೀಲೂ ಇಲ್ಲ.

ಬಾಡಿಗೆ ಆದಾಯವನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಕಟ್ಟಿದ ಮನೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ರಷ್ಟನ್ನು ಆದಾಯ ತೆರಿಗೆ ಕಾನೂನೇ ಬಿಟ್ಟುಕೊಡುತ್ತದೆ, ರಿಪೇರಿ ಬಿಲ್ಲೂ ಬೇಕಿಲ್ಲ. ಪಂಚಾಯತ್ ತೆರಿಗೆಯ ರಶೀದಿ ಮಾತ್ರ ಜೋಪಾನ.

ಕೊನೆಯದಾಗಿ ಒಂದು ಮಾತು. ಹೆಸರು ಕೇಳಿದ ಕೂಡಲೇ "ಮನೆ ಖಾಲಿ ಇಲ್ಲ" ಎಂಬ ಉತ್ತರ ಪರವೂರುಗಳಲ್ಲಿ ನಮ್ಮ ಎಷ್ಟೋ ಹುಡುಗರಿಗೆ ಸಿಕ್ಕಿದೆ. ಆ ನೋವು ಗೊತ್ತಿರುವ ನಾವು ಮಾಲಕರಾದಾಗ ಬಂದವರ ಜಾತಿ, ಊರು ಕೇಳುವುದು ಬೇಡ. ಕೆಲಸ ಎಲ್ಲಿ, ಬಾಡಿಗೆ ಕಟ್ಟಲು ಆಗುತ್ತದಾ, ಹಿಂದಿನ ಮನೆಯಲ್ಲಿ ಹೇಗಿದ್ದರು ಎಂದು ಕೇಳೋಣ, ಗುರುತಿನ ಚೀಟಿ ನೋಡೋಣ. ಕಾಗದ ಸರಿಯಿದ್ದು, ಅವರ ಅಡ್ವಾನ್ಸ್ ನಮ್ಮ ಖಾತೆಯಲ್ಲಿ ಹಾಗೆಯೇ ಇದ್ದರೆ ಯಾರು ಬಂದರೂ ಹೆದರಬೇಕಾದ್ದಿಲ್ಲ.