ಹಳೆಯ ತಂತ್ರಾಂಶ, ಹೊಸ ಮಾರುಕಟ್ಟೆ

ಗಣಕೀಕರಣದ ಆರಂಭದ ದಿನಗಳಲ್ಲಿ ಫಾಕ್ಸ್‌ಪ್ರೊದಂತಹ ಭಾಷೆಗಳಲ್ಲಿ ಬರೆಸಿಕೊಂಡ ತಂತ್ರಾಂಶವನ್ನೇ ಇಂದಿಗೂ ನೆಚ್ಚಿಕೊಂಡಿರುವ ವ್ಯಾಪಾರ ಸಂಸ್ಥೆಗಳು ವಿರಳವಲ್ಲ. ವಿಷುವಲ್ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರ ಜನವರಿಯಲ್ಲಿಯೇ ಅಂತ್ಯಗೊಂಡಿದೆ. ಆದರೂ ಬಿಲ್ಲು ಮುದ್ರಣವಾಗುತ್ತಿದೆ, ಲೆಕ್ಕ ತಾಳೆಯಾಗುತ್ತಿದೆ ಎಂಬ ಕಾರಣಕ್ಕೆ ಅದನ್ನು ಮುಟ್ಟಲು ಮಾಲೀಕರು ಹಿಂಜರಿಯುತ್ತಾರೆ.

ಈ ಹಿಂಜರಿಕೆ ನಿರಾಧಾರವಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ತನ್ನ ವ್ಯವಹಾರದ ಬಹುಭಾಗವನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ವರ್ಗಾಯಿಸಲು ಹೋಗಿ ಲಕ್ಷಾಂತರ ಗ್ರಾಹಕರನ್ನು ಸಂಕಷ್ಟಕ್ಕೆ ದೂಡಿತು. ಸೇವೆ ಸಹಜ ಸ್ಥಿತಿಗೆ ಮರಳಲು ಆ ವರ್ಷದ ಡಿಸೆಂಬರ್ ಬರಬೇಕಾಯಿತು. 2022ರಲ್ಲಿ ನಿಯಂತ್ರಕರು ಅದಕ್ಕೆ 4.86 ಕೋಟಿ ಪೌಂಡುಗಳಿಗೂ ಅಧಿಕ ದಂಡ ವಿಧಿಸಿದರು.

ಹಾಗೆಂದು ಇದ್ದಲ್ಲಿಯೇ ಇರುವುದೂ ಕ್ಷೇಮವಲ್ಲ. ದಾಸ್ತಾನಿನ ಲೆಕ್ಕ ಸಂಜೆಗೊಮ್ಮೆ ಮಾತ್ರ ಪರಿಷ್ಕರಣೆಯಾಗುವ ಮಳಿಗೆ ಅಂತರ್ಜಾಲ ಮಾರಾಟಕ್ಕೆ ಇಳಿದರೆ, ಬೆಳಿಗ್ಗೆ ಅಂಗಡಿಯಲ್ಲಿ ಮಾರಿದ ಸರಕನ್ನೇ ಮಧ್ಯಾಹ್ನ ದೂರದ ಗ್ರಾಹಕನಿಗೂ ಮಾರಿಬಿಡುವ ಅಪಾಯವಿದೆ. ಮೌಲ್ಯವರ್ಧಿತ ತೆರಿಗೆಯ ಕಾಲದ 11 ಅಂಕಿಗಳ ಟಿನ್ ಸಂಖ್ಯೆಗೆ ರೂಪಿಸಿದ ಅಂಕಣದಲ್ಲಿ 15 ಅಕ್ಷರಾಂಕಿಗಳ ಜಿಎಸ್‌ಟಿ ಸಂಖ್ಯೆ ಹಿಡಿಯದು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆಯಿಲ್ಲದ ಬಿಲ್ಲು ಸಿಂಧುವಲ್ಲವಾದ್ದರಿಂದ ಖರೀದಿದಾರನ ತೆರಿಗೆ ಜಮೆಯೂ ತೊಡಕಿಗೆ ಸಿಲುಕುತ್ತದೆ. ಅಂತಹ ಖರೀದಿದಾರ ಬೇರೆ ಅಂಗಡಿಯನ್ನು ಹುಡುಕಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಹಂತಹಂತವಾಗಿ ಸಾಗುವ ಮಧ್ಯಮ ಮಾರ್ಗವೇ ಲೇಸು. ದಲ್ಲಾಳಿ, ಉದ್ದರಿಯ ಅವಧಿ, ಗಿರಾಕಿಗೊಂದು ದರ ಮುಂತಾಗಿ ಹಲವು ವರ್ಷಗಳ ವ್ಯಾಪಾರಾನುಭವ ಹಳೆಯ ತಂತ್ರಾಂಶದಲ್ಲಿ ಅಡಕವಾಗಿರುತ್ತದೆ. ಅದನ್ನು ಮೊದಲು ಕಾಗದದ ಮೇಲೆ ದಾಖಲಿಸಬೇಕು. ಅನಂತರ ಮಾಹಿತಿಯನ್ನು ಶುದ್ಧಗೊಳಿಸಬೇಕು. ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಹೆಸರುಗಳಿದ್ದರೆ, ಪರಿವರ್ತಿಸದ ಹೊರತು ಅವು ಜಾಲತಾಣದಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತವೆ. ಬಳಿಕ ಲೆಕ್ಕಪತ್ರವನ್ನು ಹಳೆಯದರಲ್ಲಿಯೇ ಉಳಿಸಿಕೊಂಡು, ದಾಸ್ತಾನು ಮತ್ತು ಬಿಲ್ಲಿನ ಭಾಗಗಳನ್ನು ಮಾತ್ರ ಸಂಪರ್ಕ ತಂತ್ರಾಂಶದ ಮೂಲಕ ಅಂತರ್ಜಾಲಕ್ಕೆ ಜೋಡಿಸಬಹುದು. ಒಂದು ತ್ರೈಮಾಸಿಕದವರೆಗಾದರೂ ಎರಡೂ ವ್ಯವಸ್ಥೆಗಳನ್ನು ಜೊತೆಯಾಗಿ ನಡೆಸಿ ಲೆಕ್ಕ ತಾಳೆ ನೋಡಿದ ನಂತರವೇ ಹಳೆಯದನ್ನು ಕೈಬಿಡುವುದು ವಿವೇಕ. ಹೊಸ ತಂತ್ರಾಂಶದ ಒಪ್ಪಂದದಲ್ಲಿ, ಮಾಹಿತಿಯ ಮೇಲಿನ ಒಡೆತನ ಮತ್ತು ಅದನ್ನು ಬೇಕೆಂದಾಗ ಹೊರತೆಗೆಯುವ ಹಕ್ಕು ಸಂಸ್ಥೆಯದೇ ಎಂಬ ಷರತ್ತು ಇರಲೇಬೇಕು.

ಈ ವೆಚ್ಚ ಸಣ್ಣ ಉದ್ಯಮಿಗೆ ಹಗುರವಾದುದಲ್ಲ. ಒಂದೇ ಬಗೆಯ ವ್ಯಾಪಾರದ ಸದಸ್ಯರು ಒಗ್ಗೂಡಿ ಸಂಪರ್ಕ ತಂತ್ರಾಂಶವನ್ನು ಸಿದ್ಧಪಡಿಸಿಕೊಂಡರೆ ಹೊರೆ ಹಂಚಿಕೆಯಾಗುತ್ತದೆ. ವಾಣಿಜ್ಯ ಸಂಸ್ಥೆಗಳು ಇದಕ್ಕೆ ಮುಂದಾಳತ್ವ ವಹಿಸಬೇಕು. ಹಳೆಯ ಯಂತ್ರವನ್ನೂ ಅದನ್ನು ಬಲ್ಲ ಗುಮಾಸ್ತನನ್ನೂ ಒಟ್ಟಿಗೆ ಕಳೆದುಕೊಳ್ಳುವ ದಿನ ಬರುವ ಮುನ್ನ ಈ ಕೆಲಸ ಆರಂಭವಾಗುವುದು ಒಳಿತು.