ಮಯ್ಯಿತ್‌ಗೆ ಮೊದಲಿನ ದಿನಗಳು

ಒಂದು ಮನೆಯಲ್ಲಿ ಮರಣವಾಯಿತು ಎಂದರೆ ನಮ್ಮ ಜಮಾಅತ್‌ಗೆ ಯಾರೂ ಕೆಲಸ ಹೇಳಿಕೊಡಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಕಫನ್ ಬರುತ್ತದೆ, ಸ್ನಾನ ಮಾಡಿಸುವವರು ಬರುತ್ತಾರೆ, ಯುವಕರು ಕಬರ್ ತೋಡಲಿಕ್ಕೆ ಹೋಗುತ್ತಾರೆ. ನೆರೆಮನೆಯಿಂದ ಊಟ ಬರುತ್ತದೆ. ಇದು ಒಳ್ಳೆಯ ಗುಣ, ಅಲ್‌ಹಮ್ದುಲಿಲ್ಲಾಹ್. ಆದರೆ ಅದೇ ಮನೆಯಲ್ಲಿ ಮರಣಕ್ಕೆ ಮೊದಲಿನ ಒಂದು ತಿಂಗಳು ಹೇಗಿತ್ತು, ಆಗ ಅಲ್ಲಿಗೆ ಯಾರು ಹೋಗಿದ್ದರು ಎಂದು ನಾವು ಕೇಳುವುದುಂಟೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುತ್ತಿದ್ದ ಹಿರಿಯರೊಬ್ಬರ ಮನೆಗೆ ಯಾಸೀನ್ ಓದಲು ನನ್ನನ್ನು ಕರೆದಿದ್ದರು. ಅವರಿಗೆ ಬಾಯಿಯ ಕ್ಯಾನ್ಸರ್. "ಇನ್ನು ಮಾಡಲಿಕ್ಕೆ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ದೊಡ್ಡ ಆಸ್ಪತ್ರೆಯೊಂದರಿಂದ ಕಳಿಸಿದ್ದರು. ಕೋಣೆ ತುಂಬ ಜನ. ನಾನು ಓದುತ್ತಿದ್ದೆ, ಅವರು ನರಳುತ್ತಿದ್ದರು. ಮಗಳು ಚಮಚದಲ್ಲಿ ಗಂಜಿ ಹಾಕುತ್ತಿದ್ದಳು, ಅದು ಕೆಮ್ಮಿನ ಜೊತೆ ಹೊರಗೆ ಬರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಬೀದಿಯ ನಿವೃತ್ತ ಸಿಸ್ಟರ್ ಒಬ್ಬರು ಬಂದರು. ಮೊದಲು ಜನರನ್ನು ಹೊರಗೆ ಕಳಿಸಿ ಕಿಟಕಿ ತೆಗೆದರು. "ಉಸ್ತಾದರೇ, ನೀವು ಕೂತಿರಿ, ಆದರೆ ಮೆಲ್ಲಗೆ ಓದಿ" ಅಂದರು. ಮಗಳಿಗೆ, "ಬಲವಂತ ಮಾಡಬೇಡಮ್ಮ, ಈಗ ದೇಹ ಊಟ ಕೇಳ್ತಾ ಇಲ್ಲ" ಎಂದು ಹೇಳಿ, ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ತೇವ ಮಾಡುವುದನ್ನು ತೋರಿಸಿದರು. ತಲೆಯ ಕಡೆ ದಿಂಬು ಎತ್ತರಿಸಿದರು. ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು, ಹಾಸಿದ ಬಟ್ಟೆಯಲ್ಲಿ ಸುಕ್ಕು ಇಲ್ಲದಂತೆ ನೋಡಿಕೊಳ್ಳಲು ಕಲಿಸಿದರು. "ಮಾತಾಡದಿದ್ದರೂ ಕೇಳಿಸುತ್ತಿರಬಹುದು, ಅವರ ಎದುರು ಖರ್ಚಿನ ಮಾತು ಬೇಡ" ಅಂದರು. ಕೊನೆಗೆ ಹೆಂಡತಿಯ ಕೈ ಹಿಡಿದು, "ನೀವು ಮಲಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಆ ತಾಯಿ ಅತ್ತುಬಿಟ್ಟರು. ಈ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸಿಸ್ಟರ್ ಹೇಳಿದ ಮೇಲೆ ಮಗ ರಿಪೋರ್ಟು ಹಿಡಿದು ಪುನಃ ಬೆಂಗಳೂರಿಗೆ ಹೋಗಿ ಮಾರ್ಫಿನ್ ಮಾತ್ರೆ ತಂದ. ಸಂಬಂಧಿಕರಲ್ಲಿ ಕೆಲವರು, "ಅದು ನಶೆಯಲ್ಲವೇ? ಸಬರ್ ಮಾಡಬೇಕಲ್ಲವೇ?" ಎಂದು ನನ್ನನ್ನು ಕೇಳಿದರು. ನಶೆಗಾಗಿ ತಿನ್ನುವುದು ಬೇರೆ, ಸಹಿಸಲಾಗದ ನೋವಿಗೆ ವೈದ್ಯರು ಬರೆದ ಅಳತೆಯಲ್ಲಿ ಕೊಡುವುದು ಬೇರೆ. ಸಬರ್ ಎಂದರೆ ಔಷಧಿ ಬೇಡ ಎನ್ನುವುದಲ್ಲ. ಹಾಸಿಗೆಯಲ್ಲಿ ಇರುವವರ ಸಬರನ್ನು ಪಕ್ಕದಲ್ಲಿ ಕೂತ ನಾವು ಅಳೆಯಲೂ ಬಾರದು. ಆ ರಾತ್ರಿ ಅವರು ನಿದ್ದೆ ಮಾಡಿದರು. ಎದ್ದ ಮೇಲೆ ಮಕ್ಕಳನ್ನು ಹತ್ತಿರ ಕರೆದು ಮಾತಾಡಿದರು, ಕಲಿಮ ಹೇಳಿದರು. ನೋವು ತಗ್ಗಿದ್ದರಿಂದಲೇ ಅದು ಸಾಧ್ಯವಾಯಿತು.

ಹಾಗಾಗಿ "ಮಾಡಲಿಕ್ಕೆ ಏನೂ ಇಲ್ಲ" ಎಂಬ ಮಾತು ಅರ್ಧ ಸತ್ಯ. ರೋಗ ಗುಣ ಮಾಡಲಿಕ್ಕೆ ಇಲ್ಲದಿರಬಹುದು, ರೋಗಿಗೆ ಮಾಡಲಿಕ್ಕೆ ಬಹಳ ಉಂಟು. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ನಮ್ಮ ಚರಿತ್ರೆಗೆ ಇದು ಹೊಸದಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರಿಗೆ ಪ್ರವಾದಿಯವರು (ಸ) ಮಸೀದಿಯಲ್ಲೇ ಡೇರೆ ಹಾಕಿಸಿದರು, ಹತ್ತಿರದಿಂದ ಹೋಗಿ ನೋಡಲಿಕ್ಕೆ. ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ (ರ) ಎಂಬ ಮಹಿಳೆ. ಸಅದ್ ಆ ಗಾಯದಿಂದಲೇ ತೀರಿಕೊಂಡರು. ಆದರೂ ಆ ಆರೈಕೆ ವ್ಯರ್ಥವಾಯಿತು ಎಂದು ಯಾರೂ ಹೇಳುವುದಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಿಗೆ ದೊಡ್ಡ ಕಾಯಿಲೆ ಎಂದರೆ ಬೆಂಗಳೂರೇ. ಅಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯದಲ್ಲಿ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಜಾತಿ ಮತ ಕೇಳದೆ, ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಕಿದ್ವಾಯಿ ಆಸ್ಪತ್ರೆಯಲ್ಲಿಯೂ ನೋವು ಶಮನದ ವಿಭಾಗ ಉಂಟು. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಯಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಕಾನೂನು ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಿದೆ. ಆದ್ದರಿಂದ ಡಿಸ್ಚಾರ್ಜ್ ಮಾಡುವ ದಿನವೇ ವೈದ್ಯರನ್ನು ಕೇಳಿ: ನೋವಿಗೆ ಏನು ಕೊಡುತ್ತೀರಿ? ರಾತ್ರಿ ಉಸಿರು ಕಷ್ಟವಾದರೆ ಯಾರಿಗೆ ಫೋನ್ ಮಾಡಬೇಕು? ಕೇಳಲಿಕ್ಕೆ ನಾಚಿಕೆ ಬೇಡ.

ಆದರೆ ಆಸ್ಪತ್ರೆ ದೂರ, ನೆರೆಮನೆ ಹತ್ತಿರ. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಿಂದ ಶುರುವಾದ ಈ ಕೆಲಸ ಮಲಪ್ಪುರಂನಲ್ಲಿ ಊರವರ ಕೆಲಸವೇ ಆಯಿತು. ಅಂಗಡಿಯವರು, ಕೂಲಿಯವರು, ವಿದ್ಯಾರ್ಥಿಗಳು ತರಬೇತಿ ಪಡೆದರು. ನರ್ಸ್ ಜೊತೆ ಮನೆ ಮನೆಗೆ ಹೋದರು. ಸಣ್ಣ ಸಣ್ಣ ವಂತಿಗೆಯಿಂದಲೇ ಖರ್ಚು ತೂಗಿಸಿದರು.

ನಮ್ಮಲ್ಲಿ ಏಕೆ ಆಗಬಾರದು? ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಇಲ್ಲಿ ನೆಲೆಸಿದ ಕುಟುಂಬಕ್ಕೆ ಉಮ್ಮ, ಬಾಪ, ಅಕ್ಕ ತಂಗಿಯರು ನೂರಾರು ಕಿಲೋಮೀಟರ್ ದೂರ. ಅಂಥವರಿಗೆ ಜಮಾಅತೇ ಕುಟುಂಬ. ಪ್ರತಿ ಜಮಾಅತ್ ನಾಲ್ಕು ಗಂಡಸರು, ನಾಲ್ಕು ಹೆಂಗಸರನ್ನು ಆರಿಸಲಿ. ಊರಿನ ಒಬ್ಬ ಸಿಸ್ಟರ್ ಹತ್ತಿರ ಅವರು ಕೆಲಸ ಕಲಿಯಲಿ. ಮಸೀದಿಯಲ್ಲಿ ಮಯ್ಯಿತ್ ಮಂಚದ ಪಕ್ಕದಲ್ಲಿ ಒಂದು ಗಾಳಿ ಹಾಸಿಗೆ, ಒಂದು ವೀಲ್‌ಚೇರ್ ಇರಲಿ. ರೋಗಿ ನೋಡಲು ಹೋಗುವವರು ಹಣ್ಣು ತರುವ ಬದಲು, "ಈ ರಾತ್ರಿ ನಾನು ಕೂರುತ್ತೇನೆ, ನೀವು ಮಲಗಿ" ಎಂದು ಹೇಳಲಿ.

ಮಯ್ಯಿತ್‌ಗೆ ಹೆಗಲು ಕೊಡುವುದು ನಮಗೆ ಗೊತ್ತು. ಅದೇ ಹೆಗಲು ಒಂದು ತಿಂಗಳು ಮೊದಲು ಆ ಮನೆಗೆ ಸಿಗಲಿ.